ನೋಟಿಸಿನ ಮೇಲಿನ ತಾರೀಖು

ಮೊನ್ನೆ ಶನಿವಾರ ಅಕ್ಕನ ಮನೆಯಲ್ಲಿದ್ದೆ. ಬಾಗಲಕೋಟೆ ಜಿಲ್ಲೆಯದೇ ಸಣ್ಣ ಪಟ್ಟಣ, ಹೆಸರು ಬೇಡ. ಬೆಳಿಗ್ಗೆ ಚಹಾ ಕುಡಿಯುವಷ್ಟರಲ್ಲಿ ಜೆಸಿಬಿ ಸದ್ದು. ಎದುರು ಮನೆಯ ಮಾಳಿಗೆ ಮೇಲಿನ ಎರಡು ಕೋಣೆ ಒಂದೂವರೆ ತಾಸಿನಲ್ಲಿ ನೆಲ ಕಂಡವು. ಆ ಮನೆಯ ಕಾಕು ನೋಟಿಸು ಹಿಡಿದು ಅಂಗಳದಲ್ಲಿ ನಿಂತಿದ್ದರು.

"ನಿನ್ನಿ ಸಂಜೀಕ ಗ್ವಾಡಿಗೆ ಹಚ್ಚಿ ಹೋದ್ರವಾ. ದೀಪಾ ಹಚ್ಚೂ ಹೊತ್ತು."

ಇಸಿದುಕೊಂಡು ನೋಡಿದೆ. ಅದರ ಮೇಲಿನ ತಾರೀಖು ಮೂರು ವಾರ ಹಿಂದಿನದು!

ಅವತ್ತಿನಿಂದ ಆ ತಾರೀಖು ನನ್ನ ತಲೆಯಿಂದ ಹೋಗುತ್ತಿಲ್ಲ. 2024ರ ನವೆಂಬರ್ 13ರಂದು ಸುಪ್ರೀಂ ಕೋರ್ಟ್ ಎಷ್ಟು ಸ್ಪಷ್ಟವಾಗಿ ಹೇಳಿತ್ತು. ನೋಟಿಸು ರಿಜಿಸ್ಟರ್ ಪೋಸ್ಟಿನಲ್ಲಿ ಬರಬೇಕು, ಗೋಡೆಗೂ ಅಂಟಿಸಬೇಕು. ಉತ್ತರ ಕೊಡಲು 15 ದಿನ. ಮನೆಯವರನ್ನು ಕರೆದು ಮಾತು ಕೇಳಬೇಕು. ಒಡೆಯುವ ಆದೇಶ ಬಂದ ಮೇಲೆ ಮತ್ತೆ 15 ದಿನ. ಇದೆಲ್ಲಕ್ಕಿಂತ ಮುಖ್ಯ ಅಂತ ನನಗೆ ಅನಿಸಿದ್ದು ಇನ್ನೊಂದು ಮಾತು: ನೋಟಿಸು ಕೊಟ್ಟ ಕೂಡಲೇ ಜಿಲ್ಲಾಧಿಕಾರಿ ಕಚೇರಿಗೆ ಇಮೇಲ್ ಹೋಗಬೇಕು, ಅಲ್ಲಿಂದ ತಾನಾಗೇ ಸ್ವೀಕೃತಿ ಬರಬೇಕು. ಯಾಕೆ? ಹಳೇ ತಾರೀಖು ಹಾಕಿ ನೋಟಿಸು ಹುಟ್ಟಿಸಬಾರದು ಅಂತಲೇ. ನಿಯಮ ಮೀರಿದ ಅಧಿಕಾರಿ ಒಡೆದದ್ದನ್ನು ತನ್ನ ಸ್ವಂತ ದುಡ್ಡಿನಲ್ಲಿ ಕಟ್ಟಿಕೊಡಬೇಕು, ನಷ್ಟವನ್ನೂ ತುಂಬಬೇಕು ಅಂತಲೂ ಇದೆ.

ಶುಕ್ರವಾರ ಸಂಜೆ ಅಂಟಿಸಿ ಶನಿವಾರ ಒಡೆದರೆ ಹೈಕೋರ್ಟಿನ ಧಾರವಾಡ ಪೀಠದಿಂದ ತಡೆಯಾಜ್ಞೆ ತರುವುದು ಯಾವಾಗ? ಆ 15 ದಿನ ಇರುವುದೇ ವಕೀಲರನ್ನು ಹುಡುಕಲು, ಕಾಗದ ಕೂಡಿಸಲು, ಅರ್ಜಿ ಹಾಕಲು.

"ಪರವಾನಗಿ ಇಲ್ಲದೆ ಕಟ್ಟಿದವರಿಗೆ ಯಾಕಿಷ್ಟು ಕನಿಕರ?" ಅಂತ ಕೇಳುವವರಿದ್ದೀರಿ. ಕೋಣೆಗಳಿಗೆ ಪರವಾನಗಿ ಇರಲಿಲ್ಲ, ಒಪ್ಪುತ್ತೇನೆ. ರಸ್ತೆ, ಫುಟ್‌ಪಾತ್, ಹೊಳೆದಂಡೆ ಒತ್ತಿದವರಿಗೆ ಈ 15 ದಿನದ ರಕ್ಷಣೆಯೂ ಇಲ್ಲ, ಅದೂ ಸರಿಯೇ. ಆದರೆ ಇದು ಅವರ ಸ್ವಂತ ಜಾಗ. ಅದೇ ವರ್ಷ ಡಿಸೆಂಬರ್‌ನಲ್ಲಿ ಮೀರತ್‌ನ ಅಂಗಡಿಗಳ ಕೇಸಿನಲ್ಲಿ ಇದೇ ಕೋರ್ಟ್ ಅಕ್ರಮ ಕಟ್ಟಡಕ್ಕೆ ಯಾವ ರಿಯಾಯಿತಿಯೂ ಬೇಡ ಅಂದಿತು, ಒಡೆಯಿರಿ ಅಂದಿತು. ಅಷ್ಟು ಗಟ್ಟಿ ತೀರ್ಪಿನಲ್ಲೂ ಖಾಲಿ ಮಾಡಲು 3 ತಿಂಗಳು ಕೊಟ್ಟಿತ್ತು. ಕಾಕುಗೆ ಸಿಕ್ಕಿದ್ದು ಒಂದು ರಾತ್ರಿ.

ನನಗೆ ಇಷ್ಟೊಂದು ಸಿಟ್ಟು ಯಾಕೆ ಅಂತ ಹಳೇ ಬಾಗಲಕೋಟೆಯವರಿಗೆ ಗೊತ್ತಾಗುತ್ತದೆ. ನಮ್ಮ ಮನೆ ಆಲಮಟ್ಟಿ ಹಿನ್ನೀರಿನ ಮುಳುಗಡೆಯಲ್ಲಿ ಹೋಯಿತು. ನವನಗರಕ್ಕೆ ಬಂದ ಮೇಲೂ ಅಪ್ಪ ಎಷ್ಟೋ ದಿನ ಸಂಜೆ ಹಳೇ ಓಣಿಗೇ ಹೋಗಿ ಕೂರುತ್ತಿದ್ದರು. ಆದರೂ ನಮಗೆ ನೋಟಿಸು ಬಂದಿತ್ತು, ಅಳತೆ ಆಗಿತ್ತು. ಪರಿಹಾರ ಕಡಿಮೆಯಾಯಿತು ಅಂತ ಅಪ್ಪ ಕೋರ್ಟಿಗೂ ಹೋದರು. ಮನೆ ಕಳೆದುಕೊಂಡರೂ ಮಾತಾಡಲು ಜಾಗ ಇತ್ತು. ಕಾಕುಗೆ ಅದೂ ಸಿಗಲಿಲ್ಲ ಅಲ್ವಾ?

ಅಕ್ಕನ ಮಗ ಶುಕ್ರವಾರ ನೋಟಿಸು ಅಂಟಿಸುವಾಗಲೇ ಫೋನಿನಲ್ಲಿ ಫೋಟೋ ತೆಗೆದಿದ್ದ. ಗೋಡೆ, ಗೋಂದಿನ ಡಬ್ಬಿ, ಅಂಟಿಸುವ ಕೈ, ಎಲ್ಲ ಇದೆ. ಕೆಳಗೆ ದಿನ, ಹೊತ್ತು: ಸಂಜೆ 6.40. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಕಾಕುವಿನ ಮಗ ಆ ಫೋಟೋ ಹಿಡಿದು ಧಾರವಾಡಕ್ಕೆ ಹೋದ.