ಟಿಂಟ್ ಅಂಟಿಸೋಕೆ ನಾಲ್ಕು ಕೈ ಬೇಕು

ಇಲ್ಲಿ ಅಮೆರಿಕದಲ್ಲಿ ಯಾರಾದರೂ 'ನಾನೇ ಮಾಡಿದೆ' ಅಂದರೆ ನಿಜವಾಗಿಯೂ ಒಬ್ಬರೇ ಮಾಡಿರುತ್ತಾರೆ. ಗ್ಯಾರೇಜ್ ಬಾಗಿಲು ಎಳೆದುಕೊಂಡು, ಫೋನಿನಲ್ಲಿ ಒಂದು ವಿಡಿಯೊ ಹಾಕಿಕೊಂಡು, ಯಾರನ್ನೂ ಕರೆಯದೆ. ನಮ್ಮ ಕಡೆ 'ನಾನೇ ಮಾಡಿದೆ' ಅಂದರೆ ಒಬ್ಬ ಸ್ಪ್ಯಾನರ್ ಕೊಟ್ಟಿರುತ್ತಾನೆ, ಇನ್ನೊಬ್ಬ ಟಾರ್ಚ್ ಹಿಡಿದಿರುತ್ತಾನೆ, ಮತ್ತಿಬ್ಬರು ಸುಮ್ನೆ ನಿಂತು ಸಲಹೆ ಕೊಟ್ಟಿರುತ್ತಾರೆ. ಇಲ್ಲಿನವರ ರೀತಿಯೇ ಚೆಂದ ಅಂದುಕೊಂಡಿದ್ದೆ, ಕಾರಿನ ಗಾಜಿಗೆ ಟಿಂಟ್ ಫಿಲ್ಮ್, ಅಂದರೆ ಬಿಸಿಲು ತಡೆಯುವ ತೆಳು ಪ್ಲಾಸ್ಟಿಕ್ ಪೊರೆ, ಅಂಟಿಸಲು ಹೋಗುವವರೆಗೆ.

ಟಿಂಟ್ ಅಂದರೆ ಊರಿನವರಿಗೆ ನೆನಪಾಗುವುದು ಅಂಟಿಸಿದ್ದಲ್ಲ, ಕಿತ್ತಿದ್ದು. 2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆದೇಶ ಬಂದ ಮೇಲೆ ಪೊಲೀಸರು ರಸ್ತೆಯಲ್ಲೇ ಕಾರು ನಿಲ್ಲಿಸಿ ಕಪ್ಪು ಫಿಲ್ಮ್ ಕೀಳಿಸುತ್ತಿದ್ದರು. ಮುಂದಿನ, ಹಿಂದಿನ ಗಾಜಿನಲ್ಲಿ 70%, ಪಕ್ಕದ್ದರಲ್ಲಿ 50% ಬೆಳಕು ದಾಟಬೇಕು ಅನ್ನುವ ಲೆಕ್ಕ ಅಲ್ಲಿ ಇಡೀ ದೇಶಕ್ಕೆ ಒಂದೇ. ಇಲ್ಲಿ ರಾಜ್ಯಕ್ಕೊಂದು. ಮುಂದಿನ ಬಾಗಿಲಿನ ಕಿಟಕಿಗೆ ಟೆಕ್ಸಾಸ್‌ನಲ್ಲಿ 25% ಸಾಕು, ಫ್ಲಾರಿಡಾದಲ್ಲಿ 28, ಕ್ಯಾಲಿಫೋರ್ನಿಯಾದಲ್ಲಿ 70. ಈ ಒಂದು ವಿಷಯದಲ್ಲಿ ನಮ್ಮದೇ ವಾಸಿ.

ಫಿಲ್ಮ್ ಮೇಲೆ 35, ಅಂದರೆ 35% ಬೆಳಕು ಬಿಡುತ್ತದೆ ಅಂತ ಬರೆದಿದ್ದರೆ ಕಾರಿನಲ್ಲೂ 35 ಅಂತ ನಂಬಬೇಡಿ. ಗಾಜು ತಾನೇ ಸ್ವಲ್ಪ ಬೆಳಕು ನುಂಗುತ್ತದೆ. ಗಾಜು 75% ಬಿಡುತ್ತದೆ ಅಂದುಕೊಳ್ಳಿ, ಅದರ ಮೇಲೆ 35ರ ಫಿಲ್ಮ್ ಕೂತರೆ ಉಳಿಯುವುದು 26 ಚಿಲ್ಲರೆ. ಇನ್ನೊಂದು, ಕಪ್ಪು ಜಾಸ್ತಿ ಆದರೆ ತಂಪೂ ಜಾಸ್ತಿ ಅಂತೇನಿಲ್ಲ. ಬರೀ ಬಣ್ಣ ಹಾಕಿದ ಫಿಲ್ಮ್ ಕೆಲವು ವರ್ಷದಲ್ಲಿ ನೇರಳೆಗೆ ತಿರುಗುತ್ತದೆ. ಸೆರಾಮಿಕ್‌ನ ಅತಿ ಸಣ್ಣ ಕಣಗಳಿರುವ ಸೆರಾಮಿಕ್ ಫಿಲ್ಮ್ ತಿಳಿ ಇದ್ದರೂ ಶಾಖವನ್ನು ಚೆನ್ನಾಗಿ ತಡೆಯುತ್ತದೆ. ನಾನು ಅದನ್ನೇ ತಂದೆ.

ಮೊದಲ ಕಿಟಕಿಯನ್ನು ಇಲ್ಲಿನವರ ಹಾಗೆ ಒಬ್ಬನೇ ಮಾಡಿದೆ. ಗಾಜಿನ ಹೊರಗೆ ಫಿಲ್ಮ್ ಇಟ್ಟು ಅಳತೆಗೆ ಕತ್ತರಿಸುವವರೆಗೆ ಎಲ್ಲಾ ಸರಿ ಇತ್ತು. ಅಂಟಿಸಬೇಕಾದ್ದು ಗಾಜಿನ ಒಳಮೈಗೆ. ಅದಕ್ಕೆ ಮೊದಲು ಅಂಟಿನ ಮೇಲಿನ ಪಾರದರ್ಶಕ ಹಾಳೆ ಬಿಡಿಸಬೇಕು. ಮೂಲೆಯ ಎರಡೂ ಬದಿಗೆ ಒಂದೊಂದು ತುಂಡು ಟೇಪ್ ಅಂಟಿಸಿ ಟಕ್ ಅಂತ ಎಳೆದರೆ ಬಿಡುತ್ತದೆ. ಬಿಡಿಸುತ್ತಾ ಬಿಡಿಸುತ್ತಾ ಅಂಟಿನ ಮೇಲೆ ಸೋಪಿನ ನೀರು ಸಿಂಪಡಿಸುತ್ತಲೇ ಇರಬೇಕು. ಒಂದು ಕೈಯಲ್ಲಿ ಫಿಲ್ಮ್, ಇನ್ನೊಂದರಲ್ಲಿ ಹಾಳೆ. ಸ್ಪ್ರೇ ಬಾಟಲಿಗೆ ಕೈ ಎಲ್ಲಿಂದ ತರೋದು? ಬಾಟಲಿಗೆ ಬಗ್ಗಿದೆ, ಅಷ್ಟರಲ್ಲಿ ಫಿಲ್ಮಿನ ಕೆಳಗಿನ ಅಂಚು ಮೇಲೆದ್ದು ತನಗೆ ತಾನೇ ಅಂಟಿಕೊಂಡಿತು. ಬಿಡಿಸಿದರೆ ಬೆರಳಗಲ ಬಿಳಿ ಗೆರೆ. ಒಮ್ಮೆ ಮಡಿಕೆ ಬಿತ್ತು ಅಂದರೆ ಮುಗೀತು, ಅದು ಹೋಗಲ್ಲ.

ಎರಡನೆಯದಕ್ಕೆ ಹೆಂಡತಿಯನ್ನು ಕರೆದೆ. ಅವಳು ಮೇಲಿನ ಎರಡು ಮೂಲೆ ಹಿಡಿದಳು, ನಾನು ಹಾಳೆ ಎಳೆಯುತ್ತಾ ನೀರು ಹೊಡೆದೆ. ನೀರಿಗೆ ಬೇಬಿ ಶಾಂಪೂ ಕೆಲವೇ ಹನಿ ಸಾಕು. ಜಾಸ್ತಿಯಾದರೆ ಫಿಲ್ಮ್ ಜಾರುತ್ತಲೇ ಇರುತ್ತದೆ, ಅಂಟು ಹಿಡಿಯುವುದಿಲ್ಲ. ಗಾಜಿನ ಮೇಲಂಚಿನಿಂದ ಎರಡು ಮಿಲಿಮೀಟರ್ ಕೆಳಗೆ ಕೂರಿಸಿ, ನೀರು ಒತ್ತಿ ಹೊರಹಾಕುವ ಪಟ್ಟಿಯನ್ನು (ಸ್ಕ್ವೀಜಿ) ನಡುವಿನಿಂದ ಅಂಚಿಗೆ ಎಳೆದೆವು. 'ಎಡಗಡೆ ಒಂದು ಗುಳ್ಳೆ ಇದೆ', 'ಇನ್ನೂ ಕೆಳಗೆ', 'ಅಯ್ಯೋ ನಿಧಾನ' ಅಂತ ಅವಳು ಹೇಳುತ್ತಲೇ ಇದ್ದಳು. ಒಳಗೆ ಕೂತವನಿಗೆ ಕಾಣದ್ದು ಹೊರಗೆ ನಿಂತವರಿಗೆ ಕಾಣುತ್ತದೆ. ಊರಲ್ಲಿ ಸುತ್ತ ನಿಂತು ಸಲಹೆ ಕೊಡುವವರನ್ನು ಎಷ್ಟು ಬೈದುಕೊಂಡಿದ್ದೆನೋ!

ಅಂದಹಾಗೆ ಉಣ್ಣೆ ಸ್ವೆಟರ್ ಹಾಕಿಕೊಂಡು ಈ ಕೆಲಸಕ್ಕೆ ಇಳಿಯಬೇಡಿ. ನನ್ನ ತೋಳಿನ ಒಂದು ಎಳೆ ಬಲಗಡೆ ಹಿಂದಿನ ಕಿಟಕಿಯಲ್ಲಿ ಈಗಲೂ ಇದೆ.

ಹಿಂಬದಿಯ ದೊಡ್ಡ ಗಾಜನ್ನು ಮಾತ್ರ ಕೆಲಸ ಬಲ್ಲವರಿಗೆ ಬಿಟ್ಟೆ. ಅದು ಎರಡು ಕಡೆಗೂ ಬಾಗಿರುತ್ತದೆ. ಹೀಟ್ ಗನ್ ಹಿಡಿದು ಫಿಲ್ಮನ್ನು ಗಾಜಿನ ಆಕಾರಕ್ಕೆ ಕುಗ್ಗಿಸಬೇಕು, ಅದೂ ರೋಲ್ ಸುತ್ತಿದ ದಿಕ್ಕಿಗೇ ಚೆನ್ನಾಗಿ ಕುಗ್ಗುತ್ತದೆ. ಸಾಲದ್ದಕ್ಕೆ ಒಳಮೈಯಲ್ಲಿ ಮಂಜು ಕರಗಿಸುವ ತಂತಿಗೆರೆಗಳು. ಬ್ಲೇಡ್ ತಾಗಿ ಒಂದು ಗೆರೆ ತುಂಡಾದರೆ ಅದು ಬಿಸಿಯಾಗುವುದೇ ಇಲ್ಲ.

ಅಂಟಿಸಿದ ಮೇಲೆ ಮೂರ್ನಾಲ್ಕು ದಿನ ಕಿಟಕಿ ಇಳಿಸುವಂತಿಲ್ಲ, ನೀರು ಪೂರ್ತಿ ಆರಬೇಕು. ಅಲ್ಲಲ್ಲಿ ಮಸುಕು ಕಂಡರೆ ಹೆದರಬೇಡಿ, ವಾರ ಎರಡು ವಾರದಲ್ಲಿ ತಾನೇ ಹೋಗುತ್ತದೆ. ಮರೆತು ಒತ್ತಿಬಿಡುತ್ತೇನೆ ಅಂತ ಹೆಂಡತಿ ಕಿಟಕಿಯ ಸ್ವಿಚ್‌ಗಳ ಮೇಲೆಲ್ಲಾ ಟೇಪ್ ಹಚ್ಚಿಟ್ಟಳು. ಮರುದಿನ ಪಾರ್ಕಿಂಗ್ ಗೇಟಿನಲ್ಲಿ ಟಿಕೆಟ್ ತೆಗೆದುಕೊಳ್ಳಲು ಬಾಗಿಲು ತೆರೆದು ಇಳಿದೆ. ಹಿಂದಿನ ಕಾರಿನವನು ಹಾರ್ನ್ ಹೊಡೆದ.