ಹಿಡಿಕೆಯಿಲ್ಲದ ಟಿವಿ

"ಹಾಲ್ ಎಷ್ಟು ದೊಡ್ಡದಿದೆ ಸರ್?" ಎಂದು ಅಂಗಡಿಯ ಹುಡುಗ ಕೇಳಿದ. ಹಾಲ್‌ಗಲ್ಲ ಎಂದೆ. "ಹಾಗಾದರೆ ಬೆಡ್‌ರೂಮಿಗಾ?" ಅದಕ್ಕೂ ಅಲ್ಲ ಎಂದೆ. ಅವನು ಕ್ಯಾಲ್ಕುಲೇಟರನ್ನು ಜೇಬಿಗೆ ಹಾಕಿಕೊಂಡ. ಜಯನಗರದ ಆ ಮಳಿಗೆಯ ಗೋಡೆಯುದ್ದಕ್ಕೂ 55 ಇಂಚು, 65 ಇಂಚಿನ ಪರದೆಗಳು. ಎಲ್ಲದರಲ್ಲಿಯೂ ಅದೇ ಗಿಳಿ ಅದೇ ಹಣ್ಣನ್ನು ಕುಕ್ಕುತ್ತಿತ್ತು. ಚಿಕ್ಕದು ತೋರಿಸಪ್ಪ ಎಂದರೆ 32 ತೋರಿಸಿದ. ಇನ್ನೂ ಚಿಕ್ಕದು ಎಂದಾಗ ವಾಷಿಂಗ್ ಮೆಷಿನ್‌ಗಳ ಹಿಂದೆ ದೂಳು ಹಿಡಿದು ಕುಳಿತಿದ್ದ 24 ಇಂಚಿನದೊಂದನ್ನು ಒಲ್ಲದ ಮನಸ್ಸಿನಿಂದ ಎಳೆದು, "ಗೋಡೆಗೆ ಫ್ರೀಯಾಗಿ ಹಾಕಿಕೊಡುತ್ತೇವೆ ಸರ್" ಎಂದ.

ಯಾವ ಗೋಡೆಗೆ? ಟಿವಿ ಬೇಕಾಗಿದ್ದುದು ನಮ್ಮ ದೊಡ್ಡಮ್ಮನಿಗೆ. ಅವರ ಒಬ್ಬ ಮಗ ಬಸವೇಶ್ವರನಗರದಲ್ಲಿ, ಇನ್ನೊಬ್ಬ ಯಲಹಂಕದಲ್ಲಿ, ಮತ್ತೊಬ್ಬ ಮೈಸೂರಿನಲ್ಲಿ. ದೀಪಾವಳಿಯಿಂದ ಸಂಕ್ರಾಂತಿವರೆಗೆ ಒಂದು ಕಡೆ, ಅಲ್ಲಿಂದ ಯುಗಾದಿವರೆಗೆ ಮತ್ತೊಂದು ಕಡೆ, ಹೀಗೆ ಉತ್ಸವಮೂರ್ತಿಯ ಹಾಗೆ ಅವರ ಸಂಚಾರ ನಡೆದಿದೆ. ಒಂದು ಏರ್‌ಬ್ಯಾಗು, ಮಾತ್ರೆಗಳ ಡಬ್ಬಿ, ಯಾರ ಮನೆಯದೂ ತಮಗೆ ಒಗ್ಗುವುದಿಲ್ಲವೆಂದು ಜೊತೆಗೇ ಒಯ್ಯುವ ಚಕ್ಕುಲಿ ಒರಳು. ಮೂರೂ ಮನೆಗಳಲ್ಲಿ ಗೋಡೆ ತುಂಬುವ ಟಿವಿ ಇದೆ. ಆದರೆ ಸಂಜೆ ಏಳಾದರೆ ಒಂದು ಮನೆಯಲ್ಲಿ ಕ್ರಿಕೆಟ್, ಇನ್ನೊಂದರಲ್ಲಿ ಮೊಮ್ಮಗನ ವಿಡಿಯೋ ಗೇಮ್, ಮೂರನೆಯದರಲ್ಲಿ ಸೊಸೆ ನೋಡುವ ಧಾರಾವಾಹಿಯೇ ಬೇರೆ. ಹೆತ್ತ ತಾಯಿಗೆ ಅರ್ಧ ಗಂಟೆ ರಿಮೋಟ್ ಕೊಡಲಾಗದ ಮಕ್ಕಳ ಬಗ್ಗೆ ನಾನು ಹೇಳಬಹುದಾದದ್ದು ಬಹಳ ಇದೆ. ಮೂವರೂ ನನಗಿಂತ ಹಿರಿಯರು, ಹಬ್ಬಕ್ಕೆ ಕರೆಯುವವರು. ಸದ್ಯಕ್ಕೆ ಬಿಟ್ಟಿದ್ದೇನೆ.

"ಮೊಬೈಲಿನಲ್ಲೇ ನೋಡಬಹುದಲ್ಲ" ಎಂಬುದು ಮೂವರ ಒಮ್ಮತದ ಅಭಿಪ್ರಾಯ. ಅತ್ತೆ ಸೊಸೆಯ ಕೈಗೆ ಬೀಗದಕೈ ಕೊಡುವ ಗಳಿಗೆಯಲ್ಲೇ ಸಾಲ ಬೇಕೇ ಎಂದು ಯಾರೋ ಫೋನ್ ಮಾಡುತ್ತಾರೆ; ಬೆರಳು ಎಲ್ಲೋ ತಾಗಿ ಅತ್ತೆ, ಸೊಸೆ, ಬೀಗದಕೈ ಎಲ್ಲವೂ ಮಾಯ. ಮೊಬೈಲನ್ನು ಎಲ್ಲರ ಕೈಗೂ ಟಿವಿಯಾಗಿ ಕೊಟ್ಟಿದ್ದರ ಫಲ ಬಸ್ಸಿನಲ್ಲಿ ಕಾಣುತ್ತಲೇ ಇದೆ. ಬಸ್ಸಿನಲ್ಲಿ ಮೊಬೈಲಿನ ಸದ್ದು ಜೋರಾಗಿ ಹಾಕಬಾರದೆಂದು ಹೇಳಲು 2021ರಲ್ಲಿ ನಮ್ಮ ಹೈಕೋರ್ಟೇ ಬಾಯಿ ತೆರೆಯಬೇಕಾಯಿತು. ಮೆಜೆಸ್ಟಿಕ್‌ನಿಂದ ಬನಶಂಕರಿಯವರೆಗೆ ಪಕ್ಕದವನ ಹಾಸ್ಯದ ತುಣುಕುಗಳನ್ನು ಕೇಳಿಸಿಕೊಂಡು ಬರುವ ನನಗೆ ಆ ಆದೇಶ ಇಂದಿಗೂ ಜಾರಿಯಾದಂತೆ ಕಂಡಿಲ್ಲ.

ದೊಡ್ಡಮ್ಮನಿಗಾದರೋ ಸಂಚಾರಿ ಟಿವಿ ಹೊಸದಲ್ಲ. 1989ರಲ್ಲಿ ದೊಡ್ಡಪ್ಪನ ಬಳಿ 14 ಇಂಚಿನ ಕಪ್ಪು-ಬಿಳುಪು ಪೋರ್ಟಬಲ್ ಇತ್ತು. ನೆತ್ತಿಯ ಮೇಲೊಂದು ಹಿಡಿಕೆ, ಬೆನ್ನಿನಲ್ಲಿ 12 ವೋಲ್ಟ್ ಬ್ಯಾಟರಿಯ ವೈರಿಗೊಂದು ತೂತು. ಪೋರ್ಟಬಲ್ ಎನ್ನಿಸಿಕೊಳ್ಳಲು ಆಗ ಅಷ್ಟು ಸಾಕಿತ್ತು. ಗಾಜಿನ ಟ್ಯೂಬಿನ ಭಾರವೆಲ್ಲ ಮುಂದೆಯೇ ಇದ್ದುದರಿಂದ ಹಿಡಿಕೆ ಹಿಡಿದು ಎತ್ತಿದೊಡನೆ ಅದು ಮುಖ ನೆಲಕ್ಕೆ ಹಾಕುತ್ತಿತ್ತು. ಎತ್ತಿದವರ ಭುಜವೂ ಅದರ ಜೊತೆಗೆ ವಾಲುತ್ತಿತ್ತು.

ಆ ವರ್ಷ ಧರ್ಮಸ್ಥಳಕ್ಕೆ ಮೆಟಡಾರ್ ವ್ಯಾನಿನಲ್ಲಿ ಹೊರಟೆವು. ಹೊರಡುವ ದಿನ ಭಾನುವಾರವಾಗಿತ್ತು. ಬೆಳಿಗ್ಗೆ 9ಕ್ಕೆ ದೂರದರ್ಶನದಲ್ಲಿ ಮಹಾಭಾರತ. ಹರಕೆಯನ್ನಾದರೂ ಮುಂದಕ್ಕೆ ಹಾಕಬಹುದು, ಮಹಾಭಾರತವನ್ನು ಬಿಡುವುದಿಲ್ಲ ಎಂದು ದೊಡ್ಡಮ್ಮ ಪಟ್ಟು ಹಿಡಿದರು. ಹಾಗಾಗಿ ಟಿವಿ, ತಾರಸಿಯಿಂದ ಬಿಚ್ಚಿದ ಆಂಟೆನಾ, ಒಂದು ಬಿದಿರು ಗಳ, ಎಲ್ಲವೂ ಪುಳಿಯೋಗರೆ ಡಬ್ಬಿಗಳ ಜೊತೆ ವ್ಯಾನ್ ಹತ್ತಿದವು. ಕುಣಿಗಲ್ ಹತ್ತಿರ ಹುಣಸೆಮರವೊಂದರ ಕೆಳಗೆ ಗಾಡಿ ನಿಂತಿತು. ಡ್ರೈವರ್ ಬ್ಯಾಟರಿಗೆ ವೈರು ಕಚ್ಚಿಸಿದ. ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ ವ್ಯಾನಿನ ನೆತ್ತಿ ಹತ್ತಿದರು. ಗಾಡಿಯ ಮುಖ ಧರ್ಮಸ್ಥಳದ ಕಡೆಗೆ, ಆಂಟೆನಾದ ಮುಖ ಬೆಂಗಳೂರಿನ ಕಡೆಗೆ.

"ಬಂತೇನೇ?"

"ದನಿ ಬಂತು."

"ಚಿತ್ರ?"

"ಕೃಷ್ಣ ಇಬ್ಬರಿದ್ದಾರೆ."

ಎರಡನೆಯ ಕೃಷ್ಣನನ್ನು ಓಡಿಸಲು ಗಳವನ್ನು ಎಡಕ್ಕೆ ತಿರುಗಿಸಿದರೆ ಮೊದಲನೆಯವನೂ ಹೋಗುತ್ತಿದ್ದ. ಕೊನೆಗೆ ಇಬ್ಬರೂ ಇರಲಿ ಎಂದು ತೀರ್ಮಾನವಾಯಿತು. ಅಷ್ಟರಲ್ಲಿ ಹೊಲದಿಂದ, ಹಾಲಿನ ಡೈರಿಯಿಂದ, ಎಲ್ಲೆಲ್ಲಿಂದಲೋ ಜನ ಬಂದು ವ್ಯಾನಿನ ಹಿಂದೆ ಸಾಲಾಗಿ ಕುಳಿತಿದ್ದರು. ಒಬ್ಬ ಅಜ್ಜ ಚಪ್ಪಲಿ ದೂರ ಬಿಟ್ಟು ಬಂದು ಕೈಮುಗಿದೇ ಕುಳಿತರು. ದೊಡ್ಡಮ್ಮ ತಮ್ಮ ಪಾಲಿನ ಕೋಡುಬಳೆಯನ್ನು ಎಲ್ಲರಿಗೂ ಹಂಚಿದರು. ಆಟ ಮುಗಿಯಿತು. ಡ್ರೈವರ್ ಬೀಗದಕೈ ತಿರುಗಿಸಿದರೆ ಗಾಡಿಗೆ ಉಸಿರೇ ಇಲ್ಲ. ಮೊದಲೇ ಮುದಿಯಾಗಿದ್ದ ಬ್ಯಾಟರಿಯಲ್ಲಿ ಉಳಿದಿದ್ದ ಅಷ್ಟಿಷ್ಟು ಜೀವವನ್ನು ಕುರುಕ್ಷೇತ್ರದವರು ಕುಡಿದುಬಿಟ್ಟಿದ್ದರು. ಪ್ರೇಕ್ಷಕರೆಲ್ಲ ಎದ್ದು ತಳ್ಳಲು ನಿಂತರು. ಅಜ್ಜ ಮಾತ್ರ ವ್ಯಾನಿಗೆ ಕೈಯಿಟ್ಟು, "ಮುಂದಿನ ಭಾನುವಾರವೂ ಬರುತ್ತೀರಲ್ಲ?" ಎಂದು ಕೇಳಿ, ಉತ್ತರಕ್ಕೆ ಕಾದರು. ದೊಡ್ಡಪ್ಪ ಬರುತ್ತೇವೆಂದು ಮಾತು ಕೊಟ್ಟರು. ಮಾತು ಕೊಡುವುದರಲ್ಲಿ ಅವರ ಕೈ ಬಹಳ ಧಾರಾಳವಾಗಿತ್ತು.

ಜಪಾನಿನ ಸೋನಿಯವರು 1982ರಲ್ಲೇ ಎರಡು ಇಂಚಿನ ಪರದೆಯ, ಅಂಗೈಯಲ್ಲಿ ಹಿಡಿಯುವ ವಾಚ್‌ಮನ್ ಟಿವಿ ಮಾರಾಟಕ್ಕೆ ತಂದಿದ್ದರು. ಅದರಲ್ಲಿ ಕೃಷ್ಣ ಇಬ್ಬರಿದ್ದರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ.

ಈಗಿನ ಆಯ್ಕೆಯ ವಿಷಯಕ್ಕೆ ಬರುತ್ತೇನೆ. ಅಮೆರಿಕದಲ್ಲಿರುವ ನೆಂಟರೊಬ್ಬರು ಅಲ್ಲಿಂದಲೇ ಚಾರ್ಜ್ ಮಾಡುವ ಪುಟ್ಟ ಟಿವಿ ತರುತ್ತೇನೆಂದರು. ಬೇಡವೆಂದೆ. ಅಲ್ಲಿನ ಪ್ರಸಾರದ ಪದ್ಧತಿ ಎಟಿಎಸ್‌ಸಿ, ದೂರದರ್ಶನ ಇಲ್ಲಿ ಹಿಡಿದಿರುವುದು ಡಿವಿಬಿ-ಟಿ2. ಅಲ್ಲಿನ ಟ್ಯೂನರ್ ಇಲ್ಲಿ ಎಷ್ಟು ಹುಡುಕಿದರೂ ಒಂದು ಚಾನೆಲ್ಲೂ ಸಿಗುವುದಿಲ್ಲ. ಇನ್ನು ಅಂಗಡಿಯ ಆ 24 ಇಂಚಿನದು. ಎದುರಿಗೆ ನಿಂತು ನೋಡಿದರೆ ಚೆನ್ನಾಗಿಯೇ ಇತ್ತು. ಆದರೆ ಚಿಕ್ಕ ಕೋಣೆಯಲ್ಲಿ ಟಿವಿಯನ್ನು ಎದುರಿಗೆ ಕುಳಿತು ನೋಡುವ ಭಾಗ್ಯ ಯಾರಿಗಿದೆ? ಅದು ಬೀರುವಿನ ಮೇಲೆ, ದೊಡ್ಡಮ್ಮ ಕೆಳಗೆ ಹಾಸಿಗೆಯಲ್ಲಿ. ಆದ್ದರಿಂದ ನಾನು ಅಂಗಡಿಯ ನೆಲದಲ್ಲಿ ಚಕ್ಕಂಬಕ್ಕಲ ಹಾಕಿ ಕುಳಿತು ಕತ್ತೆತ್ತಿದೆ. ಗಿಳಿಯ ಹಸಿರು ಕಪ್ಪಾಗಿ, ಹಣ್ಣು ಬೂದಿಯಾಗಿ, ಎಲ್ಲ ಫೋಟೋದ ನೆಗೆಟಿವ್ ಆಗಿಬಿಟ್ಟಿತು. ಅಗ್ಗದ ಪರದೆಗಳ ಗುಣವೇ ಇದು. ಹುಡುಗ ಓಡಿ ಬಂದು, "ಸರ್, ನೀರು ತರಲೇ?" ಎಂದ. ಕೆಳಗಿನಿಂದಲೂ ಬಣ್ಣ ಕೆಡದ ಇನ್ನೊಂದನ್ನು ಬೇರೆ ಶಾಖೆಯಿಂದ ತರಿಸಿಕೊಟ್ಟರು. ಅದಕ್ಕೆ ಹಿಡಿಕೆ ಇರಲಿಲ್ಲ. ಹಿಡಿಕೆಯಿರುವ ಟಿವಿ ಬೇಕೆಂದಾಗ ಹುಡುಗ ನನ್ನನ್ನು ಸೂಟ್‌ಕೇಸುಗಳ ವಿಭಾಗಕ್ಕೆ ಕಳಿಸಿದ.

ಇಷ್ಟೆಲ್ಲ ಆದ ಮೇಲೆ ಟಿವಿಯೇನೋ ದೊಡ್ಡಮ್ಮನ ಜೊತೆ ಊರೂರು ತಿರುಗಬಲ್ಲದು. ತಾರಸಿಯ ಮೇಲಿನ ಡಿಶ್ ತಿರುಗುವುದಿಲ್ಲ. ಹೀಗಾಗಿ ಹೋದ ಮನೆಯ ವೈಫೈಯೇ ಗತಿ. ಬಸವೇಶ್ವರನಗರದಲ್ಲಿ ಪಾಸ್‌ವರ್ಡ್ ಸುಲಭವಾಗಿ ಸಿಕ್ಕಿತು. ಯಲಹಂಕದ ಮೊಮ್ಮಗ ಈ ವರ್ಷ ದ್ವಿತೀಯ ಪಿಯುಸಿ. ಅವನಪ್ಪ ವೈಫೈಯನ್ನೇ ಕಿತ್ತು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾನೆ. ಸಂಗತಿ ತಿಳಿದ ದೊಡ್ಡಮ್ಮ ಸಂಕ್ರಾಂತಿಗೆ ಯಲಹಂಕದ ಬದಲು ನೇರ ಮೈಸೂರಿಗೇ ಹೋಗುವುದೆಂದು ನಿರ್ಧರಿಸಿದ್ದಾರೆ. ಮೈಸೂರಿನ ಸೊಸೆಗೆ ಇನ್ನೂ ಯಾರೂ ಹೇಳಿಲ್ಲ.