ನಮ್ಮ ಕಡೆಯವರಿಗೆ ಜಾಗೃತಿ ಇಲ್ಲವಂತೆ

ಇವತ್ತು ಬೆಂಗಳೂರಲ್ಲಿ ತಾಯಂದಿರ ಆರೋಗ್ಯದ ಬಗ್ಗೆ ಒಂದು ಕಾರ್ಯಕ್ರಮಕ್ಕೆ ಹೋಗಿದ್ದೆ. ವೇದಿಕೆ ಮೇಲಿದ್ದ ದೊಡ್ಡ ಮನುಷ್ಯರೊಬ್ಬರು, ಕಲ್ಯಾಣ ಕರ್ನಾಟಕದಲ್ಲಿ ಬಾಣಂತಿಯರು ಜಾಸ್ತಿ ಸಾಯುವುದು ಆ ಜನಕ್ಕೆ ಜಾಗೃತಿ ಇಲ್ಲದ್ದರಿಂದ ಅಂದರು. ಚಪ್ಪಾಳೆ. ಆಮೇಲೆ ಟೀ, ಗೋಡಂಬಿ ಬಿಸ್ಕತ್ತು. ಬಿಸ್ಕತ್ತು ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ನಾನೂ ಕಲ್ಯಾಣ ಕರ್ನಾಟಕದವಳೇ. ಹಾಗಾಗಿ ಉರಿದಿದ್ದು ಸ್ವಲ್ಪ ಜಾಸ್ತಿ.

ಜಾಗೃತಿ ಅಂದರೆ ಹೆರಿಗೆಗೆ ಆಸ್ಪತ್ರೆಗೆ ಹೋಗುವುದು ತಾನೆ? 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗಿವೆ. ಆಶಾ ಅಕ್ಕ ಹೇಳಿದರು, ಹೆಂಗಸರು ತಾಯಿ ಕಾರ್ಡ್ ಹಿಡಿದುಕೊಂಡು ಬಂದರು. ಅವರ ಕೆಲಸ ಅಲ್ಲಿಗೆ ಮುಗಿಯಿತು. ಆದರೂ 2018-20ರಲ್ಲಿ ಲಕ್ಷ ಹೆರಿಗೆಗೆ ಸತ್ತ ತಾಯಂದಿರು ಕೇರಳದಲ್ಲಿ 19, ತಮಿಳುನಾಡಿನಲ್ಲಿ 54, ನಮ್ಮಲ್ಲಿ 69. ದಕ್ಷಿಣದ ಐದು ರಾಜ್ಯಗಳಲ್ಲಿ ನಾವೇ ಫಸ್ಟ್!

ಹೆರಿಗೆಯಾದ ಮೇಲೆ ರಕ್ತಸ್ರಾವ ನಿಲ್ಲದಿದ್ದರೆ ಎರಡು ಗಂಟೆಯೊಳಗೆ ಜೀವ ಹೋಗಬಹುದು. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ಒಂದು ರಾತ್ರಿ ನಾನೇ ನೋಡಿದ್ದು: ನರ್ಸಮ್ಮ ಒಂದು ಕೈಯಲ್ಲಿ ಬಾಣಂತಿಯ ಹೊಟ್ಟೆ ನೀವುತ್ತಾ ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ರಕ್ತ ಎಲ್ಲಿ ಸಿಗುತ್ತೆ ಅಂತ ವಿಚಾರಿಸುತ್ತಿದ್ದರು. ಅರಿವಳಿಕೆ ಡಾಕ್ಟರು ರಜೆ. ಕೊನೆಗೆ ಕಲಬುರಗಿಗೆ ಒಯ್ಯಿರಿ ಅಂತ ಚೀಟಿ. ಬಟ್ಟೆಗಂಟು ಬಗಲಲ್ಲಿಟ್ಟುಕೊಂಡಿದ್ದ ಅತ್ತೆ ನನ್ನನ್ನೇ ಕೇಳಿದಳು, ‘ಎಷ್ಟ್ ದೂರ ಅದ ಯವ್ವಾ?’ ಇದರಲ್ಲಿ ಯಾರಿಗೆ ಜಾಗೃತಿ ಇರಲಿಲ್ಲ?

ಬಾಲ್ಯವಿವಾಹ ಇಲ್ವಾ, ರಕ್ತಹೀನತೆ ಇಲ್ವಾ ಅಂತ ನೀವು ಕೇಳುತ್ತೀರಿ. ಇದೆ. ಹದಿನಾರಕ್ಕೆ ಮದುವೆ ಮಾಡುವವರನ್ನು ಕಂಡರೆ ನನಗೂ ಮೈಯೆಲ್ಲ ಉರಿಯುತ್ತೆ. ಆದರೆ ಗುಳೆ ಹೋಗಿ ಏಳು ತಿಂಗಳ ಹೊಟ್ಟೆಯಲ್ಲಿ ಇಟ್ಟಿಗೆ ಹೊರುವವಳಿಗೆ ಸೊಪ್ಪು ತಿನ್ನಮ್ಮ ಅಂತ ಹೇಳಿದರೆ ರಕ್ತ ಏರುತ್ತಾ? ಹೋಗಲಿ, 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ತಾಯಂದಿರು ಒಬ್ಬರ ಹಿಂದೊಬ್ಬರು ತೀರಿಕೊಂಡರಲ್ಲ, ಅವರು ಏನು ತಪ್ಪು ಮಾಡಿದ್ದರು? ಹೇಳಿದ ಜಾಗಕ್ಕೇ ಬಂದಿದ್ದರು. ಅವರಿಗೆ ಹಾಕಿದ ಡ್ರಿಪ್ ಬಾಟಲಿಯ ಮೇಲೆ ಅನುಮಾನ ಬಂತು, ಸರ್ಕಾರವೇ ಅದರ ಬಳಕೆ ನಿಲ್ಲಿಸಿತು, ಔಷಧ ನಿಯಂತ್ರಕರನ್ನು ಅಮಾನತು ಮಾಡಿತು. ಬಾಟಲಿಗೆ ಜಾಗೃತಿ ಶಿಬಿರ ಮಾಡೋಣವಾ?

ಇನ್ನು ರಾಯಚೂರು. ಕೇಂದ್ರ ಸರ್ಕಾರದ ದೊಡ್ಡಾಸ್ಪತ್ರೆ ಏಮ್ಸ್ ಕೊಡಿ ಅಂತ 2022ರ ಮೇ ತಿಂಗಳಲ್ಲಿ ಧರಣಿ ಕೂತವರು ಸಾವಿರ ದಿನ ದಾಟಿಸಿದರು. ಜಾಗೃತಿ ಇಲ್ಲದ ಜನ!

ಒಂದು ಮಾತು ಹೇಳಿಬಿಡುತ್ತೇನೆ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು ಅನ್ನುವುದು ನಮ್ಮ ಮನೆಯ ಪದ್ಧತಿ. ಅಕ್ಕನ ಮಗಳನ್ನು ಮಾತ್ರ ಏಳನೇ ತಿಂಗಳಿಗೇ ಬೆಂಗಳೂರಿಗೆ ಕರೆಸಿಕೊಂಡೆವು. ಕುಬುಸ ಇಲ್ಲೇ, ಹೆರಿಗೆಯೂ ಇಲ್ಲೇ. ನಮಗೆ ದುಡ್ಡಿತ್ತು, ಮನೆಯಲ್ಲಿ ಒಂದು ರೂಮು ಖಾಲಿ ಇತ್ತು. ಊರಲ್ಲಿ ಅವಳದೇ ಓಣಿಯಲ್ಲಿ ಅದೇ ತಿಂಗಳು ಬಸುರಿಯಾಗಿದ್ದ ಇನ್ನೊಬ್ಬ ಹುಡುಗಿಗೆ ಅದೇ ತಾಲ್ಲೂಕು ಆಸ್ಪತ್ರೆ, ಅದೇ ಚೀಟಿಯ ಭಯ. ನಮ್ಮ ಹುಡುಗಿ ಇವಳಿಗಿಂತ ಬುದ್ಧಿವಂತೆ ಏನಲ್ಲ.

ಯಾವ ತಾಲ್ಲೂಕು ಎಷ್ಟು ಹಿಂದುಳಿದಿದೆ ಅಂತ ನೋಡಲು ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರಲ್ಲೇ ಅತ್ಯಂತ ಹಿಂದುಳಿದ 39 ತಾಲ್ಲೂಕು ಗುರುತಿಸಿ, ಅದರಲ್ಲಿ 21 ಗುಲ್ಬರ್ಗಾ ವಿಭಾಗದವು, ಅಂದರೆ ನಮ್ಮ ಕಡೆಯವು ಅಂತ ಬರೆದುಕೊಟ್ಟಿತು. ರೋಗ ಎಲ್ಲಿದೆ ಅಂತ ಆಗಲೇ ಗೊತ್ತಿತ್ತು. ಕೇರಳದವರು 2004ರಿಂದ ಪ್ರತಿ ತಾಯಿಯ ಸಾವನ್ನೂ ಗುಟ್ಟಾಗಿ, ಯಾರ ತಲೆಗೂ ಕಟ್ಟದೆ ಪರಿಶೀಲಿಸುತ್ತಾರೆ. ರಕ್ತಸ್ರಾವವೇ ದೊಡ್ಡ ಕಾರಣ ಅಂತ ಕಂಡುಕೊಂಡು ಅದರ ಹಿಂದೆ ಬಿದ್ದರು. ನಾವು ಬ್ಯಾನರ್ ಹಿಂದೆ ಬಿದ್ದೆವು.

‘371ಜೆ ಕೊಟ್ಟಾಯ್ತಲ್ಲ, ಇನ್ನೇನು ಬೇಕು’ ಅಂತ ಕಮೆಂಟ್ ಹಾಕಲು ಬರುವವರು ಸ್ವಲ್ಪ ತಡೆಯಿರಿ. ನಮ್ಮ ಕಡೆಯವರಿಗೆ ಓದಿನಲ್ಲಿ, ನೌಕರಿಯಲ್ಲಿ ಮೀಸಲಾತಿ ಕೊಡುವ ಸಂವಿಧಾನದ ವಿಧಿ ಅದು. ಸೀಟು ಸಿಕ್ಕಿದೆ, ನಮ್ಮ ಹುಡುಗರು ಡಾಕ್ಟರಾಗಿದ್ದಾರೆ, ಸಂತೋಷ. ಆದರೆ ರಾತ್ರಿ ಎರಡು ಗಂಟೆಗೆ ಸಿಸೇರಿಯನ್‌ಗೆ ಒಬ್ಬರು ಸಾಲುವುದಿಲ್ಲ. ಹೆರಿಗೆ ಡಾಕ್ಟರು, ಅರಿವಳಿಕೆ ಡಾಕ್ಟರು, ಮಕ್ಕಳ ಡಾಕ್ಟರು ಮೂವರೂ ಬೇಕು, ಫ್ರಿಜ್ಜಿನಲ್ಲಿ ರಕ್ತ ಬೇಕು. ನಿಮ್ಮ ತಾಲ್ಲೂಕಿನಲ್ಲಿ ಈ ಮೂವರಲ್ಲಿ ಯಾರು ಇಲ್ಲ ಅಂತ ಗೊತ್ತಿದ್ದರೆ ಅದನ್ನು ಬರೆಯಿರಿ.